ಸಂಜೆಯ ಜಪ, ಹಿರಿಯರ ಹೊಣೆ: ಕೊಪ್ಪ ಸೀಮೆಯ ಕ್ರೈಸ್ತರಲ್ಲಿ ವಿಶ್ವಾಸದ ಪಾಠ

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ಧಾರ್ಮಿಕ ಚರಿತ್ರೆಯೆಂದರೆ ಶಾರದಾಪೀಠ, ಬಾಳೆಹೊನ್ನೂರಿನ ರಂಭಾಪುರಿ ಪೀಠ ಮತ್ತು ಸಿಂಹನಗದ್ದೆಯ ಜ್ವಾಲಾಮಾಲಿನಿ ಬಸದಿಗಳ ಚರಿತ್ರೆಯೆಂದೇ ಸಾಮಾನ್ಯವಾಗಿ ತಿಳಿಯಲಾಗಿದೆ. ಮಲೆನಾಡಿನ ಕ್ರೈಸ್ತರೆಂದಾಗ ಕನ್ನಡದ ಓದುಗರಿಗೆ ನೆನಪಾಗುವುದು, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಜನಿಸಿದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯ ಪಾದ್ರಿ ಜೀವರತ್ನಯ್ಯನಂಥ ಮತಪ್ರಚಾರಕ. ಈ ಸೀಮೆಯಲ್ಲಿ ನೆಲೆಸಿದ ಬಹುಪಾಲು ಕ್ರೈಸ್ತ ಕುಟುಂಬಗಳು ಮಾತ್ರ ಇಲ್ಲಿಗೆ ಬಂದ ಮೇಲೆ ಕ್ರೈಸ್ತರಾದವಲ್ಲ. ಘಟ್ಟದ ಕೆಳಗಿನಿಂದ ಬಂದ ಕೊಂಕಣಿ ಮಾತಿನ ಕಥೋಲಿಕರೂ ಕೇರಳದಿಂದ ಬಂದ ಮಲಯಾಳಂ ಮಾತಿನ ಸುರಿಯಾನಿ ಕ್ರೈಸ್ತರೂ ತಮ್ಮ ವಿಶ್ವಾಸವನ್ನು ಹೊತ್ತುಕೊಂಡೇ ಬಂದವರು. ಆದ್ದರಿಂದ ಅವರ ಚರಿತ್ರೆಯಲ್ಲಿ ಮುಖ್ಯವಾದ ಪ್ರಶ್ನೆ ಮತಾಂತರದ್ದಲ್ಲ, ಚರ್ಚೂ ಗುರುಗಳೂ ದೂರವಿದ್ದ ಕಡೆ ಹಿರಿಯರು ಕಿರಿಯರನ್ನು ಹೇಗೆ ಗಟ್ಟಿಗೊಳಿಸಿದರು ಎಂಬುದು.

ಕೊಂಕಣಿ ಕಥೋಲಿಕರ ಮಟ್ಟಿಗೆ ಈ ಪ್ರಶ್ನೆ ಮಲೆನಾಡಿಗಿಂತ ಹಳೆಯದು. ಎರಡನೆಯ ಮೈಸೂರು ಯುದ್ಧದಲ್ಲಿ ಕರಾವಳಿಯ ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂಬ ಸಂಶಯದಿಂದ ಟಿಪ್ಪು ಸುಲ್ತಾನನು 1784ರ ಫೆಬ್ರವರಿಯಲ್ಲಿ, ಉಪವಾಸ ಕಾಲ ಆರಂಭವಾಗುವ ಬೂದಿ ಬುಧವಾರದ ಹೊತ್ತಿಗೆ, ಅವರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದನು. ಸೆರೆಯಾದವರ ಸಂಖ್ಯೆಯನ್ನು 30,000ದಿಂದ 60,000ಕ್ಕೂ ಹೆಚ್ಚಿನವರೆಗೆ ಬೇರೆ ಬೇರೆಯಾಗಿ ಹೇಳಲಾಗಿದೆ. ಗುರುಗಳನ್ನು ಗೋವೆಗೆ ಗಡೀಪಾರು ಮಾಡಲಾಗಿತ್ತು, ಹೆಚ್ಚಿನ ಇಗರ್ಜಿಗಳನ್ನು, ಅಂದರೆ ಚರ್ಚುಗಳನ್ನು, ಕೆಡವಲಾಗಿತ್ತು. ಹೀಗಾಗಿ 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬೀಳುವವರೆಗಿನ ಹದಿನೈದು ವರ್ಷ ಆ ಸಮುದಾಯದ ಬಳಿ ಉಳಿದದ್ದು ಬಾಯಿಪಾಠವಾಗಿದ್ದ ಪ್ರಾರ್ಥನೆಗಳು ಮತ್ತು ಅವನ್ನು ಬಲ್ಲ ಹಿರಿಯರು ಮಾತ್ರ. ಸೆರೆಯಲ್ಲಿ ಹುಟ್ಟಿದ ಮಗುವಿಗೆ ಶಿಲುಬೆಯ ಗುರುತು ಹಾಕಿಕೊಳ್ಳುವುದನ್ನು ಕಲಿಸಲು ಮನೆಯವರನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

ಇದೇ ಸುಲ್ತಾನನು, 1791ರಲ್ಲಿ ಮರಾಠಾ ಸೈನ್ಯದ ಕಡೆಯವರು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ, ದೇವಿಯ ಪುನಃಪ್ರತಿಷ್ಠೆಗೆ ಧನಸಹಾಯ ಮಾಡಿ ಸ್ವಾಮಿಗಳಿಗೆ ಗೌರವದ ಪತ್ರಗಳನ್ನು ಬರೆದನು. ಆ ಕನ್ನಡ ಪತ್ರಗಳು 1916ರಲ್ಲಿ ಆರ್. ನರಸಿಂಹಾಚಾರ್ಯರಿಂದ ಬೆಳಕಿಗೆ ಬಂದವು. ಎರಡು ಘಟನೆಗಳಲ್ಲಿ ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವ ಚರಿತ್ರೆ ಅರ್ಧ ಚರಿತ್ರೆ.

ಸೆರೆಯಿಂದ ಉಳಿದು ಬಂದವರು ಕರಾವಳಿಯಲ್ಲಿ ಮತ್ತೆ ಬೇರೂರಿದಾಗ ‘ಗುರ್ಕಾರ’ ಎಂಬ ಹಿರಿಯನ ಸ್ಥಾನವೂ ಅವರೊಂದಿಗೆ ಉಳಿದುಬಂದಿತು. ಗುರ್ಕಾರನೆಂದರೆ ಒಂದು ವಾಡೊವಿನ, ಅಂದರೆ ಕೆಲವು ಮನೆಗಳ ಗುಂಪಿನ, ಮುಖಂಡ. ಅವನು ಗುರುವಲ್ಲ, ಆದರೆ ಜಗಳ ಬಿಡಿಸುವುದು, ಮದುವೆಯ ಮಾತುಕತೆಯಲ್ಲಿ ನಿಲ್ಲುವುದು, ಇಗರ್ಜಿಗೂ ಮನೆಗಳಿಗೂ ಕೊಂಡಿಯಾಗುವುದು ಅವನ ಹೊಣೆ. ಮುಂದೆ ಕಾಫಿ ತೋಟಗಳ ಕೆಲಸ ಹಿಡಿದು ಘಟ್ಟ ಹತ್ತಿದ ಕುಟುಂಬಗಳಿಗೆ, ಜಡಿಮಳೆಯಲ್ಲಿ ಹಳ್ಳ ತುಂಬಿ ದಾರಿ ಕಡಿದುಹೋಗುವ ತಿಂಗಳುಗಳಲ್ಲಿ, ದೂರದ ಇಗರ್ಜಿಯ ಬದಲಿಗೆ ‘ತೇರ್ಸ್’ ಆಸರೆಯಾಯಿತು. ತೇರ್ಸ್ ಎಂಬುದು ಪೋರ್ಚುಗೀಸ್ ಮೂಲದ ಮಾತು, ಮಣಿಗಳನ್ನು ಎಣಿಸುತ್ತ ಹೇಳುವ ಜಪಸರದ ಪ್ರಾರ್ಥನೆ. ‘ದೊತೊರ್ನ್’ ಎನಿಸುವ ಧರ್ಮೋಪದೇಶದ ಪ್ರಶ್ನೋತ್ತರಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಲಾಗುತ್ತಿತ್ತು. ತೇರ್ಸ್ ಮುಗಿದೊಡನೆ ಕಿರಿಯರು ಒಬ್ಬೊಬ್ಬರಾಗಿ ಹಿರಿಯರ ಮುಂದೆ ಕೈಮುಗಿದು ‘ಬೆಸಾಂವ್’, ಅಂದರೆ ಆಶೀರ್ವಾದ, ಬೇಡುತ್ತಿದ್ದರು.

ಸುರಿಯಾನಿ ಕ್ರೈಸ್ತರ ವಲಸೆ ಇದಕ್ಕಿಂತ ಈಚಿನದು. ಕ್ರಿ.ಶ. 52ರಲ್ಲಿ ಸಂತ ತೋಮರು ಕೇರಳಕ್ಕೆ ಬಂದರೆಂಬ ಪರಂಪರೆಯನ್ನು ನಂಬುವ ಈ ಸಮುದಾಯದ ಕೃಷಿಕರು, ತಿರುವಾಂಕೂರಿನಲ್ಲಿ ಭೂಮಿ ಸಾಲದಾದಾಗ ಮೊದಲು ಮಲಬಾರಿಗೂ, ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಕರ್ನಾಟಕದ ಮಲೆನಾಡಿಗೂ ಸಾಗಿದರು. ಹಿಂದೆ ಎಡೇಹಳ್ಳಿಯೆನಿಸಿ, ಮೈಸೂರಿನ ಯುವರಾಜರ ಹೆಸರಿನಿಂದ ನರಸಿಂಹರಾಜಪುರವಾದ ಊರಿನ ಸುತ್ತ ರಬ್ಬರ್, ಮೆಣಸು, ಶುಂಠಿ ಬೆಳೆದರು. ಇವರಲ್ಲಿನ ಕಥೋಲಿಕರ ಮನೆಗಳಲ್ಲೂ ಮುಸ್ಸಂಜೆಗೆ ‘ಕೊಂತ’ ಎಂಬ ಜಪಸರದ ಪ್ರಾರ್ಥನೆ ನಡೆಯುತ್ತದೆ, ಅದರ ಕೊನೆಗೆ ಮಕ್ಕಳು ಹಿರಿಯರಿಗೆ ‘ಸ್ತುತಿ’ ಹೇಳುತ್ತಾರೆ, ಅಂದರೆ ಯೇಸುವಿಗೆ ಸ್ತುತಿ ಸಲ್ಲಲಿ ಎಂದು ವಂದಿಸುತ್ತಾರೆ. ಭಾಷೆ ಬೇರೆ, ಪೂಜಾಕ್ರಮ ಬೇರೆ, ಬಂದ ದಿಕ್ಕೂ ಬೇರೆಯಾಗಿದ್ದ ಎರಡು ಸಮುದಾಯಗಳು ದಿನದ ಕೊನೆಗೆ ಕಿರಿಯನನ್ನು ಹಿರಿಯನ ಎದುರು ನಿಲ್ಲಿಸುವ ಒಂದೇ ಕ್ರಮವನ್ನು ಪಾಲಿಸಿಕೊಂಡು ಬಂದಿರುವುದು ಆಕಸ್ಮಿಕವೆನಿಸುವುದಿಲ್ಲ. ಪ್ರವಚನಕ್ಕಿಂತ ಈ ಎದುರುಬದುರೇ ಬಲವಾದ ಪಾಠವಾಗಿರಬೇಕು, ಏಕೆಂದರೆ ಹಗಲೆಲ್ಲ ತಪ್ಪು ಮಾಡಿದ ಹುಡುಗನೂ, ಅವನನ್ನು ಗದರಿಸಿದ ಅಜ್ಜನೂ ಮಲಗುವ ಮುನ್ನ ಒಬ್ಬರ ಮುಖವನ್ನೊಬ್ಬರು ನೋಡಲೇಬೇಕಾಗಿತ್ತು.

ಸಂಘಟಿತ ವ್ಯವಸ್ಥೆ ಆಮೇಲಿನದು. ಮೈಸೂರು ಧರ್ಮಪ್ರಾಂತ್ಯವನ್ನು ವಿಭಜಿಸಿ ಚಿಕ್ಕಮಗಳೂರು ಧರ್ಮಪ್ರಾಂತ್ಯ ರಚನೆಯಾದದ್ದು 1963ರಲ್ಲಿ. ಸಿರೋ-ಮಲಬಾರ್ ಸಂಪ್ರದಾಯದ ಭದ್ರಾವತಿ ಧರ್ಮಪ್ರಾಂತ್ಯ ಬಂದದ್ದು 2007ರಲ್ಲಿ. ಭಾನುವಾರದ ವೇದಪಾಠ ತರಗತಿಗಳೂ ಯುವಸಂಘಗಳೂ ಈ ಚೌಕಟ್ಟಿನೊಳಗೆ ಬೆಳೆದವು, ಅಜ್ಜ ಮಾಡುತ್ತಿದ್ದ ಕೆಲಸದ ಒಂದು ಭಾಗ ವೇದಪಾಠ ಕಲಿಸುವ ಉಪದೇಶಿಯ ಪಾಲಿಗೆ ಬಂದಿತು. ಆದರೆ ಶಾಲೆಯಲ್ಲಿ ಕನ್ನಡ ಕಲಿತ ಮಗುವಿಗೆ ಕೊಂಕಣಿಯ ದೊತೊರ್ನ್ ಅಥವಾ ಮಲಯಾಳಂ ವೇದಪಾಠ ಎಷ್ಟು ದಕ್ಕುತ್ತದೆ ಎಂಬುದು ಎರಡೂ ಕಡೆಯ ಹಿರಿಯರು ಎದುರಿಸಬೇಕಾದ ಪ್ರಶ್ನೆ. ಓದಿಗಾಗಿ ಮಂಗಳೂರಿಗೆ, ದುಡಿಮೆಗಾಗಿ ಬೆಂಗಳೂರಿಗೆ ಅಥವಾ ಕೊಲ್ಲಿ ದೇಶಗಳಿಗೆ ಹೋದ ಯುವಕರಿಂದಾಗಿ ಸಂಜೆಯ ಜಪದಲ್ಲಿ ಬೆಸಾಂವ್ ಬೇಡುವವರೇ ಕಡಿಮೆಯಾಗಿರುವುದು ಇನ್ನೊಂದು. ಸೆರೆವಾಸದ ಬಗೆಗೆ ಗ್ರಂಥಗಳಿವೆ, ಮಠದ ಪತ್ರಗಳು ಅಚ್ಚಾಗಿವೆ. ಘಟ್ಟ ಹತ್ತಿದ ಈ ಮನೆಗಳ ಕೈಬರಹದ ಪ್ರಾರ್ಥನಾ ಪುಸ್ತಕಗಳನ್ನೂ, ಅವನ್ನು ಬಾಯಿಪಾಠವಾಗಿ ಬಲ್ಲ ವೃದ್ಧರ ನೆನಪುಗಳನ್ನೂ ಆ ವೃದ್ಧರು ಇರುವಾಗಲೇ ಸಂಗ್ರಹಿಸುವ ಕೆಲಸವನ್ನು ಸ್ಥಳೀಯ ಚರಿತ್ರೆಯ ಅಭ್ಯಾಸಿಗಳು ಕೈಗೆತ್ತಿಕೊಳ್ಳಬೇಕಾಗಿದೆ.