ಆ ರಸ್ತೆಗೆ ಯಾಕೆ ಆ ಹೆಸರು?

ಭಾಲ್ಕಿ ತಾಲೂಕಿನ ಭಾತಂಬ್ರಾದಲ್ಲಿ ಆಕಾಶ ಗುಡುಗಿದರೆ ಜನ ಮಳೆ ಬಂತು ಅಂದ್ಕೊಳ್ಳಲ್ಲ. ಬೀದರ್ ವಾಯುನೆಲೆಯ ಹಾಕ್ ವಿಮಾನ, ತರಬೇತಿಗೆ ಬಂದ ಹುಡುಗರು ಹಾರಿಸ್ತಿದ್ದಾರೆ, ಅಷ್ಟೇ. ಆದರೆ ಒಂದು ಪ್ರಶ್ನೆ ಕೇಳ್ತೀನಿ. ಹೊಸ ವಿಮಾನವೊಂದು ಹಾರುತ್ತೋ ಇಲ್ಲವೋ ಅಂತ ಮೊದಲು ಹತ್ತಿ ನೋಡೋರು ಯಾರು?

ಉತ್ತರ ಬೆಂಗಳೂರಿನ ರಸ್ತೆಯೊಂದರ ಬೋರ್ಡಿನ ಮೇಲಿದೆ. ಹಳೇ ಮದ್ರಾಸ್ ರಸ್ತೆಯಿಂದ ಎಚ್‌ಎಎಲ್ ಕಡೆ ಹೋಗುವ ಸುರಂಜನ್ ದಾಸ್ ರಸ್ತೆ. ಅಲ್ಲಿ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಬೈದುಕೊಂಡಿದ್ದೀವಿ. ಈ ದಾಸ್ ಯಾರು ಅಂತ ಕೇಳಿದ್ದೀವಾ?

1956ರಲ್ಲಿ ಜರ್ಮನಿಯ ವಿನ್ಯಾಸಕಾರ ಕರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದರು. ಅವರ ನೇತೃತ್ವದಲ್ಲಿ ಎಚ್‌ಎಎಲ್ ಕಟ್ಟಿದ್ದೇ ಎಚ್‌ಎಫ್-24 ಮರುತ್, ಭಾರತದ ಮೊದಲ ಸ್ವಂತ ಜೆಟ್ ಯುದ್ಧವಿಮಾನ. 1961ರ ಜೂನ್ 17ರಂದು ಅದನ್ನು ಮೊದಲ ಸಲ ಹಾರಿಸಿದವರು ಸುರಂಜನ್ ದಾಸ್.

ಮರುತ್‌ನ ದೇಹ ಚೆನ್ನಾಗಿತ್ತು, ಎಂಜಿನ್‌ಗೆ ಶಕ್ತಿ ಸಾಲಲಿಲ್ಲ. ಬ್ರಿಟನ್‌ನ ಹೆಚ್ಚು ಬಲದ ಆರ್ಫಿಯಸ್ ಎಂಜಿನ್ ಅಭಿವೃದ್ಧಿಗೆ ದುಡ್ಡು ಹಾಕೋಕೆ ನಮ್ಮ ಸರ್ಕಾರ ಒಪ್ಪಲಿಲ್ಲ. ಸಿಕ್ಕಿದ್ದು ಆರ್ಫಿಯಸ್ 703. ಎಂಜಿನಿಯರಿಂಗ್ ಓದಿದವನಾಗಿ ಸರಳವಾಗಿ ಹೇಳ್ತೀನಿ: ಶಬ್ದದ ಎರಡು ಪಟ್ಟು ವೇಗದ ಕನಸು ಕಂಡ ವಿಮಾನ, ಶಬ್ದದ ವೇಗ ದಾಟೋಕೇ ಒದ್ದಾಡಿತು.

ಆಗ ಎಚ್‌ಎಎಲ್ ರೀಹೀಟ್ ಪ್ರಯೋಗಕ್ಕೆ ಕೈಹಾಕಿತು. ಅಂದ್ರೆ ಎಂಜಿನ್‌ನಿಂದ ಹೊರಬರುವ ಬಿಸಿಗಾಳಿಗೆ ಇನ್ನಷ್ಟು ಇಂಧನ ಸುರಿದು ಉರಿಸಿ, ನೂಕುಬಲ ಹೆಚ್ಚಿಸೋದು. 1970ರ ಜನವರಿ 10ರಂದು ಆ ಮಾದರಿ ವಿಮಾನ ಟೇಕಾಫ್ ಆದ ಕೂಡಲೇ ನೆಲಕ್ಕಪ್ಪಳಿಸಿತು. ಒಳಗಿದ್ದವರು ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್. ಮೊದಲು ಹಾರಿಸಿದವರೇ ಕೊನೆಗೆ ಅದರಲ್ಲೇ ಹೋದರು. ಮರಣೋತ್ತರ ಪದ್ಮವಿಭೂಷಣ ಬಂತು.

ಎಂಜಿನ್‌ಗೆ ದುಡ್ಡು ಕೊಡದಿದ್ದಕ್ಕೇ ಅಪಘಾತ ಆಯ್ತು ಅಂತ ನಾನು ಹೇಳ್ತಿಲ್ಲ. ಆದರೆ ಸರಿಯಾದ ಎಂಜಿನ್ ಇದ್ದಿದ್ರೆ ಆ ಪ್ರಯೋಗದ ಅಗತ್ಯವೇ ಇರ್ತಿರಲಿಲ್ಲ, ಅಲ್ವಾ?

ಅದೇ ಹಳೇ ಎಂಜಿನ್ ಹೊತ್ತುಕೊಂಡೇ ಮರುತ್ 1971ರ ಯುದ್ಧದಲ್ಲಿ ಪಶ್ಚಿಮ ಗಡಿಯಲ್ಲಿ ಹೋರಾಡಿತು.

ಇದು ಹಳೇ ಕಥೆ ಅಂತ ಸುಮ್ಮನಾಗಬೇಡಿ. 2019ರ ಫೆಬ್ರುವರಿ 1ರಂದು ಅದೇ ಎಚ್‌ಎಎಲ್ ವಿಮಾನ ನಿಲ್ದಾಣದಲ್ಲಿ, ಮೇಲ್ದರ್ಜೆಗೇರಿಸಿದ ಮಿರಾಜ್ 2000 ವಿಮಾನದ ಪರೀಕ್ಷಾ ಹಾರಾಟದಲ್ಲಿ ಸ್ಕ್ವಾಡ್ರನ್ ಲೀಡರ್‌ಗಳಾದ ಸಮೀರ್ ಅಬ್ರೋಲ್, ಸಿದ್ಧಾರ್ಥ ನೇಗಿ ಪ್ರಾಣ ಕಳೆದುಕೊಂಡರು. ಇವತ್ತಿಗೂ ನಮ್ಮ ತೇಜಸ್ ಹಾರೋದು ಅಮೆರಿಕದ ಎಂಜಿನ್ ಮೇಲೆ.

ಮುಂದಿನ ಸಲ ಆ ರಸ್ತೆಯ ಸಿಗ್ನಲ್‌ನಲ್ಲಿ ನಿಂತಾಗ ಒಮ್ಮೆ ಬೋರ್ಡ್ ಓದಿ. ಪಕ್ಕದಲ್ಲಿ ಕೂತ ಮಗ ಕೇಳಿದ್ರೆ, ಹೇಳೋಕೆ ನಿಮ್ಮ ಹತ್ತಿರ ಈಗ ಉತ್ತರ ಇದೆ.