ಕೈಕಾಲಿಲ್ಲದ ಗೊಂಬೆಗೆ ಅಂಟಿದ ಕಥೆ



ಊರು ಬಿಟ್ಟು ಎಷ್ಟು ದೂರ ಬಂದು ನೆಲೆಸಿದ್ದರೂ ಚನ್ನಪಟ್ಟಣದ ಗೊಂಬೆಯನ್ನು ನೀವು ಮರೆತಿರಲಾರಿರಿ. ಹಾಲೆ ಮರದ ತುಂಡು ಲೇತಿನಲ್ಲಿ ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿದರೆ, ಅದು ಉಜ್ಜಾಟದ ಕಾವಿಗೆ ಕರಗಿ ಮರಕ್ಕೆ ಅಂಟುತ್ತದೆ. ಹೀಗೆಯೇ ಲೇತಿನಲ್ಲಿ ಹುಟ್ಟುವ ಗೊಂಬೆಯೊಂದು ಜಪಾನಿನಲ್ಲೂ ಇದೆ. ಹೆಸರು ಕೊಕೆಶಿ. ದುಂಡನೆಯ ತಲೆ, ಕಂಬದಂಥ ಮೈ; ಕೈಯೂ ಇಲ್ಲ, ಕಾಲೂ ಇಲ್ಲ.

ಈ ಗೊಂಬೆಯ ಬಗ್ಗೆ ಒಂದು ಕಥೆ ನಿಮ್ಮ ಕಿವಿಗೂ ಬಿದ್ದಿರಬಹುದು. 'ಕೊ' ಎಂದರೆ ಮಗು, 'ಕೆಶಿ' ಎಂದರೆ ಅಳಿಸುವುದು. ಬಡತನದಿಂದ ಹಸುಗೂಸುಗಳನ್ನು ಕೊಂದ ತಾಯಂದಿರು ಅವುಗಳ ನೆನಪಿಗೆ ಇಟ್ಟುಕೊಂಡ ಗೊಂಬೆಯಿದು ಎಂಬ ಕಥೆ. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಇದು ನಿಜವೇ?

ಇತಿಹಾಸ ಹೇಳುವುದೇ ಬೇರೆ. ಜಪಾನಿನ ಈಶಾನ್ಯಕ್ಕೆ ತೊಹೊಕು ಎಂಬ ಚಳಿ ಸೀಮೆಯಿದೆ. ಅಲ್ಲಿನ ಬೆಟ್ಟಗಳಲ್ಲಿ ಬಟ್ಟಲು, ತಟ್ಟೆ ಕಡೆಯುವ 'ಕಿಜಿಯ' ಎಂಬ ಕುಶಲಕರ್ಮಿಗಳಿದ್ದರು. ಗದ್ದೆ ಕೆಲಸ ಮುಗಿದ ಮೇಲೆ ರೈತರು ಮೈಕೈ ನೋವು ಕಳೆಯಲು ಬಿಸಿನೀರಿನ ಬುಗ್ಗೆಗಳಿಗೆ ಬಂದು ದಿನಗಟ್ಟಲೆ ತಂಗುತ್ತಿದ್ದರು. 19ನೇ ಶತಮಾನದ ಮೊದಲ ಭಾಗದಲ್ಲಿ ಕಿಜಿಯರು ಅವರಿಗಾಗಿ ಗೊಂಬೆ ಕಡೆಯತೊಡಗಿದರು. ಮನೆಯಲ್ಲಿ ಕಾದಿರುವ ಮಕ್ಕಳಿಗೆ ಅಪ್ಪ ಅಮ್ಮ ಒಯ್ದ ಆಟಿಕೆಯಿದು.

ಮಿಜುಕಿ ಎಂಬ ಬೆಳ್ಳನೆಯ ಮರವನ್ನು ತೊಗಟೆ ಸುಲಿದು ತಿಂಗಳುಗಟ್ಟಲೆ ಒಣಗಿಸಿ ಕಡೆಯುತ್ತಾರೆ. ತಿರುಗುವ ಮರಕ್ಕೆ ಕುಂಚ ತಾಗಿಸಿದರೆ ಸುತ್ತಲೂ ಬಣ್ಣದ ಬಳೆ ಮೂಡುತ್ತದೆ. ಕಣ್ಣು, ಹುಬ್ಬು ಕೈಯಿಂದ ಬರೆದದ್ದು. ಕೊನೆಗೆ ಮೇಣದ ಹೊಳಪು. ನೋಡಿದೊಡನೆ ಗೊಂಬೆಯ ಊರು ಹೇಳಬಹುದು. ತ್ಸುಚಿಯುವಿನದಕ್ಕೆ ನೆತ್ತಿಯ ಮೇಲೆ ಉಂಗುರ, ತೊಗತ್ತದ್ದಕ್ಕೆ ಕೆಂಪು ಕಿರಣಗಳು. ನರುಕೊ ಗೊಂಬೆಯ ತಲೆ ತಿರುಗಿಸಿದರೆ ಕೀಚ್ ಎಂದು ಕೂಗುತ್ತದೆ!

ಇನ್ನು ಹೆಸರಿನ ವಿಷಯ. ದೆಕೊ, ಕಿಬೊಕೊ, ಕಿನಾಕಿನಾ ಎಂದೆಲ್ಲ ಊರಿಗೊಂದು ಹೆಸರಿತ್ತು. 20ನೇ ಶತಮಾನದ ಆರಂಭದಲ್ಲಿ ತಗಡು, ಸೆಲ್ಯುಲಾಯ್ಡ್ ಆಟಿಕೆಗಳು ಬಂದು ಮಕ್ಕಳು ಮರದ ಗೊಂಬೆಯನ್ನು ಕೈಬಿಟ್ಟಾಗ, ಅದನ್ನು ಎತ್ತಿಕೊಂಡವರು ದೊಡ್ಡವರು. 1928ರಲ್ಲಿ ಅಮಾಎ ತೊಮಿಜಿ ಈ ಗೊಂಬೆಗಳ ಬಗ್ಗೆ ಪುಸ್ತಕ ಬರೆದರು. 1940ರಲ್ಲಿ ನರುಕೊದಲ್ಲಿ ಸೇರಿದ ಆಸಕ್ತರು 'ಕೊಕೆಶಿ' ಎಂಬ ಒಂದೇ ಹೆಸರನ್ನು ಒಪ್ಪಿದರು. ಅದನ್ನು ಬರೆದದ್ದು ಹಿರಗನ ಲಿಪಿಯಲ್ಲಿ. ನಮ್ಮ ಅಕ್ಷರಗಳಂತೆ ಅದು ಉಚ್ಚಾರವನ್ನು ಮಾತ್ರ ಹೇಳುತ್ತದೆ, ಅರ್ಥವನ್ನಲ್ಲ. 'ಮಗುವನ್ನು ಅಳಿಸು' ಎಂಬ ಅರ್ಥವನ್ನು ಅಂಟಿಸಿ ಆ ಕಥೆ ಹಬ್ಬಿದ್ದು 1960ರ ದಶಕದಿಂದೀಚೆಗೆ. ಹಳೆಯ ಕಾಲದಲ್ಲಿ ಬಡತನದಿಂದ ಶಿಶುಹತ್ಯೆ ನಡೆದದ್ದು ನಿಜ. ಅದನ್ನು ಈ ಗೊಂಬೆಗೆ ಜೋಡಿಸಲು ಹಳೆಯ ದಾಖಲೆಯ ಆಧಾರವಿಲ್ಲ.

ಕಣ್ಣೀರು ತರಿಸುವ ಕಥೆ ಬೇಗ ಹಬ್ಬುತ್ತದೆ, ಮಿತ್ರರೇ. ಅದರ ಅಬ್ಬರದಲ್ಲಿ ಮರ ಕಡೆದವನ ಕೈ, ಮಗುವಿಗೆಂದು ಮೂಟೆಯಲ್ಲಿ ಗೊಂಬೆ ಕಟ್ಟಿಕೊಂಡು ಹೊರಟ ರೈತನ ಪ್ರೀತಿ ಮರೆಯಾಗಬಾರದಲ್ಲವೇ? ಮುಂದೆ ಯಾರಾದರೂ ಆ ಕಥೆ ಹೇಳಿದರೆ, ಈ ಕಥೆಯನ್ನು ನೀವು ಹೇಳಿ.