ದಣಿದ ದೇಹಕ್ಕೆ ವಿಶ್ರಾಂತಿಯೋ, ವ್ಯಾಯಾಮವೋ?



ಬೆಳ್ಳಂದೂರಿನಲ್ಲಿ ಒಂದು ಮನೆಯನ್ನು ಆಶೀರ್ವದಿಸಲು ಹೋಗಿದ್ದೆ. ಸಾಫ್ಟ್‌ವೇರ್ ಕಂಪನಿಯಲ್ಲಿ ದುಡಿಯುವ ಆ ಮನೆಯ ಮಗಳಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್. ಮಿದುಳು, ಬೆನ್ನುಹುರಿಗಳ ನರತಂತುಗಳಿಗಿರುವ ಹೊದಿಕೆಯನ್ನು ದೇಹದ ರಕ್ಷಣಾ ವ್ಯವಸ್ಥೆಯೇ ಕೆಡಿಸುವ ಕಾಯಿಲೆ ಅದು. "ನೋವಿಗಿಂತ ಸುಸ್ತೇ ಹೆಚ್ಚು ಫಾದರ್. ಮಲಗಿ ಎದ್ದರೂ ಹೋಗದ ಸುಸ್ತು" ಎಂದಳು. ವೈದ್ಯರು ವ್ಯಾಯಾಮ ಮಾಡೆಂದಿದ್ದರು, ತಾಯಿ ಬೇಡವೆನ್ನುತ್ತಿದ್ದರು. ನಾನೂ ತಾಯಿಯ ಪಕ್ಷ ವಹಿಸಿ, "ವಿಶ್ರಾಂತಿ ತೆಗೆದುಕೋ ಮಗಳೇ" ಎಂದು ಹೇಳಿ ಬಂದೆ. ಆಮೇಲೆ ಓದಿ ನೋಡಿದಾಗ, ನನ್ನ ಆ ಉಪದೇಶ ಬಹಳ ಹಳೆಯದೆಂದು ತಿಳಿಯಿತು.

ಹಾಲೆಂಡಿನ ಸಂತ ಲಿಡ್ವೀನಾಳ ಹೆಸರನ್ನು ನೀವು ಕೇಳಿರಬಹುದು. 1380ರಲ್ಲಿ ಹುಟ್ಟಿದ ಆಕೆ ಹರೆಯದಲ್ಲಿ ಮಂಜುಗಡ್ಡೆಯ ಮೇಲೆ ಜಾರಿಬಿದ್ದವಳು ಮತ್ತೆ ಚೇತರಿಸಿಕೊಳ್ಳಲಿಲ್ಲ. 1433ರಲ್ಲಿ ಸಾಯುವವರೆಗೂ ಹಾಸಿಗೆಯೇ ಗತಿಯಾಯಿತು. ಆಕೆಯದು ಇದೇ ಕಾಯಿಲೆಯಿರಬಹುದೆಂದು ಕೆಲವು ವೈದ್ಯರು ಊಹಿಸಿದ್ದಾರೆ. ಊಹೆಯಷ್ಟೇ. ರೋಗಕ್ಕೆ ಸ್ಪಷ್ಟ ರೂಪ ಕೊಟ್ಟವರು ಪ್ಯಾರಿಸ್ಸಿನ ವೈದ್ಯ ಶಾರ್ಕೋ, 1868ರಲ್ಲಿ.

ಜಗದ್ಗುರು ಹದಿಮೂರನೆಯ ಲಿಯೋ ಅವರು ಲಿಡ್ವೀನಾಳನ್ನು ಸಂತಳೆಂದು ಸಾರಿದ್ದು 1890ರಲ್ಲಿ. ಕಾಕತಾಳೀಯವೆಂಬಂತೆ, ಜರ್ಮನಿಯ ನೇತ್ರವೈದ್ಯ ಊಟ್‌ಹೋಫ್ ಅವರ ಪ್ರಸಿದ್ಧ ವರದಿಯೂ ಅದೇ ವರ್ಷದ್ದು. ಶ್ರಮಪಟ್ಟಾಗ ಕೆಲವು ರೋಗಿಗಳ ದೃಷ್ಟಿ ಮಸುಕಾಗುವುದನ್ನು ಅವರು ಗಮನಿಸಿದರು. ಇದಕ್ಕೆ ಮೈಯ ಶಾಖ ಏರುವುದೇ ಕಾರಣವೆಂಬುದು ಮುಂದೆ ಗೊತ್ತಾಯಿತು. ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ, ಲಕ್ಷಣಗಳು ಹೆಚ್ಚುತ್ತವೆಯೇ ಎಂದು ನೋಡಿ ರೋಗ ನಿರ್ಣಯಿಸುವ ಪದ್ಧತಿಯೂ ಕೆಲವು ದಶಕ ನಡೆಯಿತು! ಮೈ ತಣಿದಾಗ ದೃಷ್ಟಿ ಮರಳುತ್ತಿತ್ತು, ನರಕ್ಕೆ ಹೊಸ ಹಾನಿಯಾಗುತ್ತಿರಲಿಲ್ಲ. ಆದರೂ ಶ್ರಮವೆಂದರೆ ಅಪಾಯವೆಂಬ ಭಯ ವೈದ್ಯರಲ್ಲಿ ಬೇರೂರಿತು. ಕಂಡದ್ದು ನಿಜ, ಅದರಿಂದ ತೆಗೆದ ತೀರ್ಮಾನ ತಪ್ಪು. ಮಲಗಿದವರ ಸ್ನಾಯುಗಳು ಸೊರಗಿದವು, ಸೊರಗಿದಷ್ಟೂ ದಣಿವು ಹೆಚ್ಚಿತು.

1996ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾನಿಲಯದ ಪೆಟಜಾನ್ ಮತ್ತು ಸಂಗಡಿಗರು ಈ ಭಯವನ್ನು ಪರೀಕ್ಷಿಸಿದ ಫಲಿತಾಂಶ ಪ್ರಕಟಿಸಿದರು. 54 ರೋಗಿಗಳಲ್ಲಿ ಒಂದು ಗುಂಪಿನವರು 15 ವಾರ, ವಾರಕ್ಕೆ ಮೂರು ಸಲ, ಕೈಕಾಲುಗಳಿಂದ ಪೆಡಲ್ ತುಳಿದರು. ದೇಹದ ಕಸುವು ಹೆಚ್ಚಿತು, ಮನಸ್ಸಿನ ಕುಗ್ಗು ಇಳಿಯಿತು, ಅಂಗವೈಕಲ್ಯದ ಪ್ರಮಾಣ ಏರಲಿಲ್ಲ. ದಣಿವನ್ನು ಅಳೆಯುವ ಮುಖ್ಯ ಮಾಪನದಲ್ಲಿ ಮಾತ್ರ ಬದಲಾವಣೆ ಕಾಣಲಿಲ್ಲವೆಂಬುದನ್ನೂ ಹೇಳಬೇಕು. ಆ ಉತ್ತರಕ್ಕೆ 2015ರವರೆಗೆ ಕಾಯಬೇಕಾಯಿತು: 45 ಪ್ರಯೋಗಗಳನ್ನು, 2250 ರೋಗಿಗಳನ್ನು ಒಳಗೊಂಡ ಕಾಕ್ರೇನ್ ಪರಾಮರ್ಶೆಯು ವ್ಯಾಯಾಮದಿಂದ ದಣಿವು ತಗ್ಗುತ್ತದೆಂದೂ, ರೋಗ ಮರುಕಳಿಸುವ ಅಪಾಯ ಹೆಚ್ಚಿದ್ದು ಕಂಡುಬಂದಿಲ್ಲವೆಂದೂ ಹೇಳಿತು.

ನಮ್ಮ ದೇಶದ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ ಪಟ್ಟಿಯಲ್ಲಿ ಈ ಕಾಯಿಲೆಯೂ ಇದೆ. ಆದರೆ ಕಣ್ಣಿಗೆ ಕಾಣದ ದಣಿವನ್ನು ಸೋಮಾರಿತನವೆನ್ನುವ ಬಾಯಿಗಳನ್ನು ಕಾಯಿದೆ ಮುಚ್ಚಿಸೀತೇ?

ನಾನು ಮತ್ತೆ ಆ ಮನೆಗೆ ಹೋಗಿ ನನ್ನ ಮಾತನ್ನು ಹಿಂದಕ್ಕೆ ಪಡೆದೆ. ಫಿಸಿಯೋಥೆರಪಿಸ್ಟ್ ಹೇಳಿದಂತೆ, ಅಲ್ಪದಿಂದ ಆರಂಭಿಸಿ, ನಡುನಡುವೆ ಕುಳಿತು, ಮೈ ಕಾಯದಂತೆ ತಣ್ಣನೆಯ ಹೊತ್ತಿನಲ್ಲಿ ಮಾಡಲಿ ಎಂದೆ. ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಬೆಳಗಿನ ಪೂಜೆಗೆ ಇಬ್ಬರೂ ನಡೆದೇ ಬರುತ್ತೇವೆ ಸ್ವಾಮಿ, ಆಟೋ ಬೇಡ" ಎಂದರು.